ಅಂಗಾಲಿನ ಮಚ್ಚೆ, ಮಾಯದ ಗಾಯ: ದೇಹದೊಳಗೆ ಹರಡುವ ಚರ್ಮದ ಕ್ಯಾನ್ಸರ್ ಕುರಿತು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ತಿಳಿವಳಿಕೆಗಾಗಿ ಈ ಲೇಖನವನ್ನು ನೀಡಲಾಗಿದೆ.

ಗ್ರಾಮಗಳಲ್ಲಿ ಮೂವತ್ತು ವರ್ಷ ಮೇಲ್ಪಟ್ಟವರಿಗೆ ನಡೆಯುವ ಕ್ಯಾನ್ಸರ್ ತಪಾಸಣೆಯು ಬಾಯಿ, ಸ್ತನ ಮತ್ತು ಗರ್ಭಕಂಠ ಎಂಬ ಮೂರು ಅಂಗಗಳಿಗೆ ಸಂಬಂಧಿಸಿದ್ದಾಗಿದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳು ಇವೇ ಆದುದರಿಂದ ಈ ಆಯ್ಕೆ ಸರಿಯಾದುದೇ. ಚರ್ಮದ ಕ್ಯಾನ್ಸರ್ ಭಾರತದಲ್ಲಿ ಒಟ್ಟು ಕ್ಯಾನ್ಸರ್‌ಗಳ ಪೈಕಿ ಶೇಕಡಾ ಒಂದೆರಡರ ಆಸುಪಾಸಿನಲ್ಲಿದ್ದು, ತಪಾಸಣೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಇದರ ಪರಿಣಾಮವನ್ನು ಸದಸ್ಯರು ಗಮನಿಸಬೇಕು. ಈ ರೋಗವನ್ನು ಹುಡುಕಿಕೊಂಡು ಯಾವ ಸಿಬ್ಬಂದಿಯೂ ಮನೆಬಾಗಿಲಿಗೆ ಬರುವುದಿಲ್ಲ. ರೋಗಿಯೇ ಕಂಡುಕೊಳ್ಳಬೇಕು, ಇಲ್ಲವೇ ಮನೆಯವರ, ನೆರೆಹೊರೆಯವರ ಕಣ್ಣಿಗೆ ಬೀಳಬೇಕು. ಅದು ಬೆಳೆಯುವ ಜಾಗವೋ ಬಹಳ ಸಲ ಯಾರ ಕಣ್ಣಿಗೂ ಬೀಳದ ಜಾಗ.

ಕುದಾಪುರದ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಆ ಸುತ್ತಿನ ಸೀಮೆಗೆ ವಿಜ್ಞಾನ ನಗರವೆಂಬ ಹೆಸರೂ ಬಂದಿದೆ. ಆದರೆ ಇಲ್ಲಿ ಹೇಳಹೊರಟಿರುವ ಕಾಯಿಲೆಯನ್ನು ಮೊದಲ ಹಂತದಲ್ಲಿ ಗುರುತಿಸಲು ಯಾವ ಯಂತ್ರವೂ ಬೇಕಾಗಿಲ್ಲ. ಹಗಲ ಬೆಳಕು, ತೊಳೆದ ಪಾದ ಮತ್ತು ಅದನ್ನು ತಿರುಗಿಸಿ ನೋಡುವ ಒಬ್ಬ ಮನುಷ್ಯ ಇದ್ದರೆ ಸಾಕು.

ಮೂರು ಬಗೆ, ಮೂರು ಸ್ವಭಾವ

ಚರ್ಮದ ಕ್ಯಾನ್ಸರ್ ಎಂಬುದು ಒಂದೇ ರೋಗದ ಹೆಸರಲ್ಲ. ಚರ್ಮದ ಮೇಲ್ಪದರದ ತಳಭಾಗದಲ್ಲಿರುವ ಬೇಸಲ್ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಹುಟ್ಟಿದ ಜಾಗದಲ್ಲಿಯೇ ನಿಧಾನವಾಗಿ ಕೊರೆಯುತ್ತದೆ. ಬೇರೆ ಅಂಗಕ್ಕೆ ಹೋಗುವುದು ತೀರಾ ಅಪರೂಪ. ಮೇಲ್ಪದರದ ಸ್ಕ್ವಾಮಸ್ ಕೋಶಗಳಿಂದ ಹುಟ್ಟುವುದು ಎರಡನೆಯ ಬಗೆ. ಭಾರತೀಯರ ಚರ್ಮದಲ್ಲಿ ಇದೇ ಹೆಚ್ಚು. ಸಾಮಾನ್ಯವಾಗಿ ಇದು ಶಸ್ತ್ರಚಿಕಿತ್ಸೆಗೆ ಬಗ್ಗುತ್ತದೆಯಾದರೂ ತುಟಿ, ಕಿವಿ ಹಾಗೂ ಹಳೆಯ ಗಾಯದ ಕಲೆಗಳಲ್ಲಿ ಹುಟ್ಟಿದಾಗ ದುಗ್ಧಗ್ರಂಥಿಗಳಿಗೆ ಹರಡುವ ಸಂಭವ ಹೆಚ್ಚು.

ಮೂರನೆಯದು ಮೆಲನೋಮ. ಚರ್ಮಕ್ಕೆ ಬಣ್ಣ ನೀಡುವ ಕೋಶಗಳಲ್ಲಿ ಹುಟ್ಟುವ ಇದು ಸಂಖ್ಯೆಯಲ್ಲಿ ವಿರಳ, ಸ್ವಭಾವದಲ್ಲಿ ಅತ್ಯಂತ ಉಗ್ರ. ಅಂಗಾಲಿನಲ್ಲಿ ಒಂದು ಶೇಂಗಾ ಬೀಜದಷ್ಟು ಬೆಳೆಯುವುದರೊಳಗೆ ಶ್ವಾಸಕೋಶವನ್ನೋ ಮಿದುಳನ್ನೋ ಸೇರಿರಬಹುದಾದ ರೋಗ ಇದು. ಈ ಲೇಖನದ ಹೆಚ್ಚಿನ ಭಾಗ ಇದಕ್ಕೇ ಮೀಸಲು.

ಅಂಗಾಲನ್ನೇಕೆ ನೋಡಬೇಕು

ಮೆಲನೋಮ ಬಿಳಿಯ ಚರ್ಮದವರ ಕಾಯಿಲೆ, ಬಿಸಿಲು ಕಾಯಿಸಿಕೊಳ್ಳುವ ಪರದೇಶದವರಿಗೆ ಬರುವಂಥದು ಎಂಬ ತಿಳಿವಳಿಕೆ ಓದಿದವರಲ್ಲಿಯೂ ಇದೆ. ಅದು ಅರ್ಧ ಮಾತ್ರ ನಿಜ. ನಮ್ಮ ಚರ್ಮದ ಕಪ್ಪು ಬಣ್ಣವು ಬಿಸಿಲಿನ ಹಾನಿಯಿಂದ ನಮ್ಮನ್ನು ಬಹುಮಟ್ಟಿಗೆ ಕಾಯುತ್ತದೆ; ಆದ್ದರಿಂದಲೇ ಬಿಸಿಲಿನಿಂದ ಬರುವ ಮೆಲನೋಮ ನಮ್ಮವರ ಬೆನ್ನು, ಮುಖ, ತೋಳುಗಳಲ್ಲಿ ಕಾಣುವುದು ವಿರಳ. ಆದರೆ ಬಿಸಿಲಿಗೆ ಸಂಬಂಧವೇ ಇಲ್ಲದ ಇನ್ನೊಂದು ಬಗೆಯಿದೆ. ಅದು ಅಂಗಾಲು, ಹಿಮ್ಮಡಿ, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಹುಟ್ಟುತ್ತದೆ. ಭಾರತೀಯರಲ್ಲಿ ಮತ್ತು ಆಫ್ರಿಕಾ ಮೂಲದವರಲ್ಲಿ ಮೆಲನೋಮ ಬಂದರೆ ಬಹಳ ಸಲ ಬರುವುದು ಈ ಜಾಗಗಳಲ್ಲಿಯೇ.

ಇದಕ್ಕೆ ಜಗತ್ತಿಗೇ ತಿಳಿದ ಉದಾಹರಣೆಯೊಂದಿದೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯವರ ಬಲಗಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಗಾಯವೊಂದಿತ್ತು. ಕಾಲ್ಚೆಂಡು ಆಡುವಾಗ ಆದ ಪೆಟ್ಟೆಂದು ಅದನ್ನು ಭಾವಿಸಲಾಗಿತ್ತು. 1977ರಲ್ಲಿ ಅದು ಮೆಲನೋಮ ಎಂದು ತಿಳಿಯಿತು. ಬೆರಳನ್ನು ತೆಗೆಸಲು ಅವರು ಒಪ್ಪಲಿಲ್ಲ. ಉಗುರಿನ ತಳವನ್ನಷ್ಟೇ ತೆಗೆದು ಬೇರೆಡೆಯ ಚರ್ಮವನ್ನು ಅಲ್ಲಿ ಕಸಿ ಮಾಡಲಾಯಿತು. ರೋಗವು ಶ್ವಾಸಕೋಶ, ಯಕೃತ್ತು ಹಾಗೂ ಮಿದುಳಿಗೆ ಹರಡಿ, 1981ರ ಮೇ 11ರಂದು ಅವರು ತೀರಿಕೊಂಡಾಗ ಅವರಿಗೆ 36 ವರ್ಷ. ಹಣವಾಗಲಿ ದೊಡ್ಡ ಆಸ್ಪತ್ರೆಗಳಾಗಲಿ ಅವರಿಗೆ ದೂರವಿರಲಿಲ್ಲ.

ನಮ್ಮ ಎರಡು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ಹೊಲ, ಕಾವಲು, ಗುಡ್ಡಗಳೆಲ್ಲ ಕಲ್ಲು ಮತ್ತು ಬಳ್ಳಾರಿ ಜಾಲಿಯ ಮುಳ್ಳು. ಕುರಿ ಮೇಕೆಗಳ ಹಿಂದೆ ದಿನವಿಡೀ ನಡೆಯುವವರ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ, ಶೇಂಗಾ ಕೀಳುವ ಕೂಲಿಯವರ ಅಂಗಾಲಿನಲ್ಲಿ ಆಣಿ, ಬಿರುಕು, ಮುರಿದ ಮುಳ್ಳಿನ ಕಪ್ಪು ಗುರುತು ಇಲ್ಲದಿರುವುದೇ ಅಪರೂಪ. ಹೀಗಾಗಿ ಹೊಸದಾಗಿ ಮೂಡಿದ ಕಪ್ಪು ಮಚ್ಚೆಯೂ ಆ ಗುಂಪಿನಲ್ಲಿಯೇ ಸೇರಿಹೋಗುತ್ತದೆ. ಮುಳ್ಳು ಒಳಗೇ ಉಳಿದಿರಬೇಕೆಂದು ಪಿನ್ನಿನಿಂದ ಕೆದಕುತ್ತಾರೆ, ಆಣಿಯೆಂದು ಬ್ಲೇಡಿನಿಂದ ಹೆರೆಯುತ್ತಾರೆ, ಸುಣ್ಣ ಹಚ್ಚುತ್ತಾರೆ, ಬರೆ ಹಾಕಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಾದರೆ ಕಾಲಿನ ಹುಣ್ಣೆಲ್ಲವೂ ಸಕ್ಕರೆಯ ಹುಣ್ಣೇ ಎಂದು ತೀರ್ಮಾನವಾಗಿ ತಿಂಗಳುಗಟ್ಟಲೆ ಪಟ್ಟಿ ಕಟ್ಟುವುದು ನಡೆಯುತ್ತದೆ. ನೋವಿಲ್ಲದಿರುವುದು ಈ ಕಾಯಿಲೆಯ ದೊಡ್ಡ ಮೋಸ. ನೋವಿದ್ದರೆ ಮನುಷ್ಯ ದವಾಖಾನೆಗೆ ಹೋಗುತ್ತಾನೆ. ನೋವಿಲ್ಲದ ಮಚ್ಚೆಗಾಗಿ ಒಂದು ದಿನದ ಕೂಲಿ ಬಿಡುವವರು ಯಾರು?

ಹಾಗೆಂದು ಕಾಲಿನ ಪ್ರತಿಯೊಂದು ಮಚ್ಚೆಗೂ ಹೆದರಬೇಕಾಗಿಲ್ಲ. ಅಂಗಾಲು ಅಂಗೈಗಳಲ್ಲಿ ಮಚ್ಚೆಯಿರುವವರು ಬಹಳ ಮಂದಿ, ಬಹುಪಾಲು ನಿರುಪದ್ರವಿ. ನೋಡಬೇಕಾದುದು ಬದಲಾವಣೆಯನ್ನು. ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಮಚ್ಚೆ. ಒಂದು ಬದಿ ಒಂದು ತೆರನಾಗಿ, ಇನ್ನೊಂದು ಬದಿ ಬೇರೊಂದು ತೆರನಾಗಿ ಕಾಣುವುದು. ಅಂಚು ನೇರವಿರದೆ ಚೆಲ್ಲಿದ ಶಾಯಿಯಂತೆ ಹರಡಿರುವುದು. ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ನೀಲಿ, ಕೆಂಪು ಬೆರೆತಿರುವುದು. ತಾನಾಗಿಯೇ ರಕ್ತ ಒಸರುವುದು. ಎರಡು ತಿಂಗಳಾದರೂ ಮಾಯದಿರುವುದು. ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ಕೆಲವು ಮೆಲನೋಮಗಳು ಕಪ್ಪಾಗಿಯೇ ಇರುವುದಿಲ್ಲ, ಕೆಂಪು ಮಾಂಸದ ಗಂಟಿನಂತೆ ಇರುತ್ತವೆ. ಆದುದರಿಂದ ಬಣ್ಣಕ್ಕಿಂತಲೂ ‘ಮಾಯುತ್ತಿಲ್ಲ, ಬೆಳೆಯುತ್ತಿದೆ’ ಎಂಬ ಎರಡು ಮಾತುಗಳೇ ಹೆಚ್ಚು ನಂಬತಕ್ಕವು.

ಉಗುರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕಪ್ಪು ಮೈಬಣ್ಣದವರ ಹಲವು ಉಗುರುಗಳಲ್ಲಿ ಉದ್ದನೆಯ ತೆಳು ಕಪ್ಪು ಗೆರೆಗಳಿರುವುದು ಸಹಜ. ಒಂದೇ ಉಗುರಿನಲ್ಲಿ ಹೊಸದಾಗಿ ಗೆರೆ ಮೂಡಿ, ತಿಂಗಳಿಂದ ತಿಂಗಳಿಗೆ ಅಗಲವಾಗುತ್ತ, ಅದರ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹಬ್ಬಿದರೆ ಅದು ಸಹಜವಲ್ಲ. ಉಗುರಿನ ಅಡಿಯ ಈ ಕ್ಯಾನ್ಸರ್ ಉಗುರುಸುತ್ತಿನಂತೆ ಕಂಡು ಮೋಸಗೊಳಿಸುತ್ತದೆ ಎಂದು ಇಂಗ್ಲೆಂಡಿನ ಶಸ್ತ್ರವೈದ್ಯ ಜೊನಾಥನ್ ಹಚಿನ್ಸನ್ 1886ರಷ್ಟು ಹಿಂದೆಯೇ ಬರೆದರು. ಉಗುರಿನ ಬುಡಕ್ಕೆ ಹಬ್ಬುವ ಕಪ್ಪನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿ ಕಪ್ಪಾದ ಉಗುರಾದರೆ, ಉಗುರು ಬೆಳೆದಂತೆ ಆ ಕಪ್ಪೂ ಮುಂದಕ್ಕೆ ಸರಿದು ಕೊನೆಗೆ ಹೋಗಿಬಿಡುತ್ತದೆ. ನಿಂತಲ್ಲಿಯೇ ನಿಂತ ಕಪ್ಪನ್ನು ಪೆಟ್ಟೆಂದು ತಿಳಿಯಬಾರದು.

ಹರಡುವುದೆಂದರೆ ಏನು

ಕ್ಯಾನ್ಸರ್ ಹರಡುವ ಬಗೆಯನ್ನು ಈ ಸೀಮೆಯವರಿಗೆ ವಿವರಿಸಲು ಬಳ್ಳಾರಿ ಜಾಲಿಗಿಂತ ಉತ್ತಮ ಸಾಮ್ಯ ದೊರೆಯದು. ಒಂದು ಹೊಲದ ಬದುವಿನಲ್ಲಿ ಜಾಲಿಯೊಂದು ಬೇರೂರುತ್ತದೆ. ಕುರಿಗಳು ಅದರ ಕಾಯಿ ತಿಂದು, ನಡೆದಲ್ಲೆಲ್ಲ ಬೀಜವನ್ನು ಹಿಕ್ಕೆಯಲ್ಲಿ ಉದುರಿಸುತ್ತವೆ. ಕೆಲವು ಕಾಲದ ನಂತರ ಎರಡು ಮೈಲಿ ದೂರದ ಕೆರೆಯಂಗಳದಲ್ಲಿ ಜಾಲಿ ಏಳುತ್ತದೆ. ಆಗ ಬದುವಿನ ಮೊದಲ ಗಿಡವನ್ನು ಬುಡಸಹಿತ ಕಿತ್ತರೂ ಕೆರೆಯಂಗಳದ ಗಿಡ ಹೋಗುವುದಿಲ್ಲ. ಇನ್ನೂ ಒಂದು ಸಂಗತಿ: ಕೆರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅದು ಬೇರೆ ಗಿಡವಾಗುವುದಿಲ್ಲ, ಜಾಲಿಯೇ ಆಗಿರುತ್ತದೆ. ಅಂತೆಯೇ ಅಂಗಾಲಿನಿಂದ ಶ್ವಾಸಕೋಶಕ್ಕೆ ಹೋದ ಮೆಲನೋಮ ಅಲ್ಲಿಯೂ ಮೆಲನೋಮವೇ. ಅದನ್ನು ಶ್ವಾಸಕೋಶದ ಕ್ಯಾನ್ಸರ್ ಎಂದು ಕರೆಯುವುದಿಲ್ಲ. ಅದಕ್ಕೆ ಕೊಡುವ ಔಷಧವೂ ಬೇರೆ. ಹೀಗೆ ಬೇರೆ ಅಂಗದಲ್ಲಿ ಬೇರೂರುವುದಕ್ಕೆ ವೈದ್ಯಕೀಯದಲ್ಲಿ ಸ್ಥಾನಾಂತರ ಎಂಬ ಮಾತಿದೆ. ಬೀಜ ಎಲ್ಲ ಕಡೆ ಬಿದ್ದರೂ ಒಗ್ಗಿದ ನೆಲದಲ್ಲಿ ಮಾತ್ರ ಮೊಳೆಯುವಂತೆ ಕ್ಯಾನ್ಸರ್ ಕೂಡ ಕೆಲವು ಅಂಗಗಳನ್ನೇ ಆರಿಸಿಕೊಳ್ಳುತ್ತದೆ ಎಂಬ ವಿಚಾರವನ್ನು 1889ರಲ್ಲಿ ಸ್ಟೀಫನ್ ಪೇಜೆಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಮಂಡಿಸಿದರು. ಬೀಜ ಮತ್ತು ನೆಲದ ಆ ಹೋಲಿಕೆ ಇಂದಿಗೂ ವೈದ್ಯಗ್ರಂಥಗಳಲ್ಲಿ ಉಳಿದಿದೆ.

ಮೆಲನೋಮ ಮೊದಮೊದಲು ಚರ್ಮದ ಮೇಲ್ಪದರದಲ್ಲಿಯೇ ಅಡ್ಡಡ್ಡಲಾಗಿ ಹಬ್ಬುತ್ತದೆ. ಆ ಪದರದಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ರೋಗ ದೂರಕ್ಕೆ ಹೋಗಲು ದಾರಿಯಿಲ್ಲ. ಈ ಅವಧಿ ಕೆಲವು ತಿಂಗಳಿರಬಹುದು, ಕೆಲವು ವರ್ಷಗಳೇ ಇರಬಹುದು. ಈ ಹಂತದಲ್ಲಿ ತೆಗೆದುಹಾಕಿದರೆ ಬಹುತೇಕ ಎಲ್ಲರೂ ಗುಣಹೊಂದುತ್ತಾರೆ. ಬಳಿಕ ಅದು ಕೆಳಮುಖವಾಗಿ ಇಳಿಯಲಾರಂಭಿಸುತ್ತದೆ. ಕೆಳಪದರದಲ್ಲಿ ರಕ್ತದ ಸೂಕ್ಷ್ಮನಾಳಗಳೂ ದುಗ್ಧರಸದ ನಾಳಗಳೂ ಜಾಲದಂತೆ ಹೆಣೆದುಕೊಂಡಿವೆ. ರೋಗ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆದರೆ ರೋಗಿಯ ಮುಂದಿನ ಸ್ಥಿತಿಯನ್ನು ಅಂದಾಜು ಮಾಡಬಹುದೆಂದು 1970ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿದರು. ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಭರವಸೆ ಹೆಚ್ಚು. ನಾಲ್ಕು ಮಿಲಿಮೀಟರು ದಾಟಿದರೆ ಅಪಾಯ ಬಹಳ. ನಾಲ್ಕು ಮಿಲಿಮೀಟರೆಂದರೆ ಸರಿಸುಮಾರು ಶೇಂಗಾದ ಒಂದು ಹೋಳಿನ ದಪ್ಪ. ತಡ ಮಾಡಿದ ತಿಂಗಳುಗಳಲ್ಲಿ ರೋಗಿ ಕಳೆದುಕೊಳ್ಳುವುದು ಈ ಮಿಲಿಮೀಟರುಗಳನ್ನೇ.

ದುಗ್ಧನಾಳದ ದಾರಿ ಹಿಡಿದ ರೋಗವು ಕಾಲಿನಿಂದಾದರೆ ತೊಡೆಸಂದಿನ ಗ್ರಂಥಿಗಳಿಗೆ, ಕೈಯಿಂದಾದರೆ ಕಂಕುಳಿನ ಗ್ರಂಥಿಗಳಿಗೆ ಬರುತ್ತದೆ. ದಾರಿಯ ಮಧ್ಯದಲ್ಲಿ, ಮೀನಖಂಡದ ಮೇಲೋ ತೊಡೆಯ ಮೇಲೋ, ಸಣ್ಣ ಗಂಟುಗಳು ಏಳುವುದೂ ಉಂಟು. ಕಾಲಿಗೆ ಮುಳ್ಳು ತುಳಿದು ಕೀವಾದಾಗಲೂ ತೊಡೆಸಂದಿನಲ್ಲಿ ಗಂಟು ಕಟ್ಟುತ್ತದೆ. ಅದು ನೋಯುತ್ತದೆ, ವಾರದಲ್ಲಿ ಇಳಿಯುತ್ತದೆ. ನೋಯದೆ, ಗಟ್ಟಿಯಾಗಿ, ದಿನದಿನಕ್ಕೆ ಬೆಳೆಯುವ ಗಂಟಾದರೆ ಅದೇ ಕಾಲಿನ ಅಂಗಾಲನ್ನೂ ಉಗುರುಗಳನ್ನೂ ಕೂಡಲೇ ಪರೀಕ್ಷಿಸಬೇಕು.

ರಕ್ತದ ದಾರಿ ಹಿಡಿದರೆ ಶ್ವಾಸಕೋಶ, ಯಕೃತ್ತು, ಮಿದುಳು, ಮೂಳೆ ಇವು ಅದು ತಲುಪುವ ಮುಖ್ಯ ತಾಣಗಳು. ಆಗ ರೋಗಿ ಬರುವುದು ಚರ್ಮದ ದೂರಿನೊಂದಿಗೆ ಅಲ್ಲ. ಬಿಡದ ಕೆಮ್ಮು, ಏದುಸಿರು. ಹೊಟ್ಟೆಯ ಬಲಭಾಗದ ಭಾರ, ಕಣ್ಣು ಹಳದಿಯಾಗುವುದು. ಬೆಳಗಿನ ತಲೆನೋವು, ವಾಂತಿ, ಹಿಂದೆಂದೂ ಇಲ್ಲದ ಮೂರ್ಛೆ, ಒಂದು ಕೈಕಾಲಿನ ಬಲ ಕುಂದುವುದು. ರಾತ್ರಿ ನಿದ್ದೆಗೆಡಿಸುವ ಬೆನ್ನುಮೂಳೆಯ ನೋವು. ಕೆಮ್ಮಿಗೆ ಕ್ಷಯದ ಪರೀಕ್ಷೆ, ಹಳದಿಗೆ ಕಾಮಾಲೆಯ ಔಷಧಿ, ಮೂರ್ಛೆಗೆ ದೇವರ ಹರಕೆ ಹೀಗೆ ಒಂದೊಂದಕ್ಕೂ ಬೇರೆ ಬೇರೆ ದಾರಿ ಹಿಡಿಯುವುದು ನಮ್ಮ ಹಳ್ಳಿಗಳ ವಾಡಿಕೆ. ಎರಡು ವರ್ಷಗಳ ಹಿಂದೆ ಅಂಗಾಲಿನಿಂದ ಒಂದು ‘ಆಣಿ’ಯನ್ನು ಕೊಯ್ಯಿಸಿದ ಸಂಗತಿ ಯಾರಿಗೂ ನೆನಪಾಗುವುದಿಲ್ಲ. ಆ ಒಂದು ಮಾತನ್ನು ವೈದ್ಯರ ಕಿವಿಗೆ ಹಾಕಿದರೆ ಪರೀಕ್ಷೆಯ ದಿಕ್ಕೇ ಬದಲಾಗಬಹುದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ‘ಕತ್ತರಿ ತಾಕಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ಹೆದರಿ ಅನೇಕರು ತುಂಡು ಪರೀಕ್ಷೆಗೆ, ಅಂದರೆ ಬಯಾಪ್ಸಿಗೆ, ಒಪ್ಪುವುದಿಲ್ಲ. ವೈದ್ಯರು ಕ್ರಮವರಿತು ಮಾಡುವ ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಹಾನಿಯಾಗುವುದು ಆಮ್ಲ ಹಚ್ಚಿ ಸುಡುವುದರಿಂದ, ಬರೆ ಹಾಕುವುದರಿಂದ, ಮೇಲೆ ಮೇಲೆ ಹೆರೆಯುವುದರಿಂದ. ಹಾಗೆ ಮಾಡಿದಾಗ ಮೇಲಿನ ಗುರುತು ಅಳಿಸಿಹೋಗುತ್ತದೆ, ಆಳವನ್ನು ಅಳೆಯಲು ತುಂಡೇ ಉಳಿಯುವುದಿಲ್ಲ, ಬೇರು ಒಳಗೆ ಇಳಿಯುತ್ತಲೇ ಇರುತ್ತದೆ. ಊರಿನಲ್ಲಿಯೋ ಪೇಟೆಯಲ್ಲಿಯೋ ಯಾವುದೇ ಗಂಟನ್ನು ತೆಗೆಸಿಕೊಂಡರೂ ‘ಅದನ್ನು ಪರೀಕ್ಷೆಗೆ ಕಳುಹಿಸಿಕೊಡಿ’ ಎಂದು ಕೇಳುವುದು ರೋಗಿಯ ಹಕ್ಕು. ಕಸದ ಬುಟ್ಟಿಗೆ ಹೋದ ತುಂಡು ಮತ್ತೆ ಸಿಗುವುದಿಲ್ಲ.

ಹಳೆಯ ಸುಟ್ಟಗಾಯ, ಸೊಂಟದ ಕಲೆ, ಬಿಸಿಲು

ಬಾಲ್ಯದಲ್ಲಿ ಒಲೆಗೆ ಬಿದ್ದು, ಬಿಸಿ ಎಣ್ಣೆ ಚೆಲ್ಲಿಕೊಂಡು, ಸೀಮೆಎಣ್ಣೆ ಸ್ಟೌ ಸಿಡಿದು ಸುಟ್ಟುಕೊಂಡವರ ಮೈಮೇಲೆ ಉಳಿಯುವ ಗಟ್ಟಿ ಕಲೆಗಳು ಮೂವತ್ತು, ನಲವತ್ತು ವರ್ಷಗಳ ನಂತರ ಮತ್ತೆ ಬಾಯಿ ಬಿಡುವುದುಂಟು. ಮೊಣಕಾಲಿನ ಹಿಂಬದಿ, ಮೊಣಕೈ ಮುಂತಾದ ಕೀಲುಗಳ ಮೇಲಿನ ಕಲೆಯಾದರೆ ಮಡಚಿದಾಗಲೆಲ್ಲ ಬಿರಿದು, ಮಾಯದ ಹುಣ್ಣಾಗಿ ನಿಲ್ಲುತ್ತದೆ. ಅಂಥ ಹುಣ್ಣಿನಲ್ಲಿ ಸ್ಕ್ವಾಮಸ್ ಬಗೆಯ ಕ್ಯಾನ್ಸರ್ ಹುಟ್ಟಬಹುದು. 1828ರಲ್ಲಿ ಈ ಬಗೆಯ ಹುಣ್ಣುಗಳನ್ನು ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೋಲಿನ್ ಅವರ ಹೆಸರು ಇದಕ್ಕೆ ನಿಂತಿದೆ. ಬಿಸಿಲಿನಿಂದ ಬರುವ ಸ್ಕ್ವಾಮಸ್ ಕ್ಯಾನ್ಸರಿಗಿಂತ ಇದು ಹೆಚ್ಚು ಹರಡುವ ಸ್ವಭಾವದ್ದು. ಕುಷ್ಠರೋಗ ಗುಣವಾದರೂ ಸ್ಪರ್ಶವಿಲ್ಲದ ಅಂಗಾಲಿನಲ್ಲಿ ವರ್ಷಗಟ್ಟಲೆ ಉಳಿದ ಹುಣ್ಣು, ಮೂಳೆಯಿಂದ ಕೀವು ಸೋರುವ ಹಳೆಯ ತೂತು, ಉಬ್ಬಿದ ರಕ್ತನಾಳಗಳ ಕಾಲಿನ ಹುಣ್ಣು ಇವುಗಳಲ್ಲಿಯೂ ಇದೇ ಅಪಾಯವಿದೆ. ಹುಣ್ಣಿನ ಅಂಚು ಗಟ್ಟಿಯಾಗಿ ಮೇಲೆದ್ದು ಹೂಕೋಸಿನಂತಾದರೆ, ದುರ್ವಾಸನೆ ಹೆಚ್ಚಿದರೆ, ಮುಟ್ಟಿದರೆ ರಕ್ತ ಬಂದರೆ, ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ಅಂಚಿನ ತುಂಡನ್ನು ಪರೀಕ್ಷೆಗೆ ಕಳುಹಿಸಬೇಕು. ನಾಲ್ಕು ದಶಕದ ಹುಣ್ಣೆಂದು ಅದಕ್ಕೆ ಒಗ್ಗಿಹೋದ ಮನೆಯವರಿಗಿಂತ ಹೊರಗಿನವರ ಕಣ್ಣಿಗೇ ಈ ಬದಲಾವಣೆ ಬೇಗ ಕಾಣುತ್ತದೆ.

ಪಂಚೆ ಅಥವಾ ಸೀರೆಯನ್ನು ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟುವುದರಿಂದ ಸೊಂಟದ ಚರ್ಮ ಕಪ್ಪಾಗಿ, ದಪ್ಪವಾಗಿ, ಅಲ್ಲಿಯೇ ಕ್ಯಾನ್ಸರ್ ಬರಬಹುದೆಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿ ವರದಿ ಮಾಡಿದರು. ಇದು ಬಹಳ ವಿರಳ. ಲಂಗದ ಲಾಡಿಯನ್ನು ತುಸು ಸಡಿಲಿಸಿ, ಹುರಿಯ ಬದಲು ಅಗಲ ಪಟ್ಟಿ ಹಾಕಿಕೊಂಡರೆ ಸಾಕು. ಸೀರೆ ನೇಯುವ ಮೊಳಕಾಲ್ಮೂರಿನವರಿಗೆ ಸೀರೆಯ ಮೇಲೆ ಅಪವಾದ ಬಂದಿತೆಂದು ಅನಿಸಬೇಕಾಗಿಲ್ಲ; ತಪ್ಪು ಸೀರೆಯದಲ್ಲ, ಲಾಡಿಯದು.

ಬಿಸಿಲಿಗೆ ನಿಜವಾಗಿ ಹೆದರಬೇಕಾದವರು ಕೆಲವರಿದ್ದಾರೆ. ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆಗಳೆಲ್ಲ ಬಿಳಿಯಾಗಿರುವವರಿಗೆ ಬಣ್ಣದ ರಕ್ಷಣೆಯೇ ಇಲ್ಲ. ಮುಖ, ಕಿವಿ, ಕತ್ತಿನಲ್ಲಿ ಎಳೆಯ ವಯಸ್ಸಿನಲ್ಲಿಯೇ ಕ್ಯಾನ್ಸರ್ ಬರುವ ಸಂಭವವಿದೆ. ಬಿಸಿಲು ತಾಕಿದೊಡನೆ ಕಣ್ಣು ಕೆಂಪಾಗಿ, ಎರಡು ಮೂರು ವರ್ಷದೊಳಗೇ ಮುಖದ ತುಂಬ ಕಂದು ಚುಕ್ಕೆ ತುಂಬುವ ಮಕ್ಕಳಲ್ಲಿಯೂ ಒಂದು ಆನುವಂಶಿಕ ದೋಷವಿರಬಹುದು. ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಇಂಥವರಿಗೆ ಉದ್ಯೋಗ ಖಾತರಿ ಕಾಮಗಾರಿಯಲ್ಲಿ ನೆರಳಿನ ಕೆಲಸ, ಶಾಲೆಯಲ್ಲಿ ಬಿಸಿಲಿನ ಪ್ರಾರ್ಥನೆ, ಆಟಗಳಿಂದ ವಿನಾಯಿತಿ ಕೊಡಿಸುವುದು ಪಂಚಾಯಿತಿಯ ಕೈಯಲ್ಲಿದೆ. ತೊನ್ನು ಇದಲ್ಲ. ತೊನ್ನು ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ.

ನೀರಿನಿಂದ ಬಂದ ಕ್ಯಾನ್ಸರ್: ಕಿರದಳ್ಳಿ ತಾಂಡಾ

ಪಂಚಾಯಿತಿಯ ಹೊಣೆಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಕರಣ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ, ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಸಮೀಪ, ಕಿರದಳ್ಳಿ ತಾಂಡಾ ಇದೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಾಂಶ ಅಪಾಯದ ಪ್ರಮಾಣದಲ್ಲಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ 181 ಜನರ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದಲ್ಲಿ ಆರ್ಸೆನಿಕ್‌ನಿಂದಾದ ಬದಲಾವಣೆಗಳೆಂದು ಶಂಕಿಸಬಹುದಾದ ಗುರುತುಗಳಿದ್ದವು. ಚಿನ್ನದ ಅದಿರಿರುವ ಬಂಡೆಗಳಲ್ಲಿ ಆರ್ಸೆನಿಕ್ ಸಹಜವಾಗಿ ಇರುತ್ತದೆ. ಅಲ್ಲಿಂದ ಅಂತರ್ಜಲಕ್ಕೆ ಇಳಿಯುತ್ತದೆ.

ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ವರ್ಷಗಳ ಕಾಲ ಅದನ್ನು ಕುಡಿದವರ ಎರಡೂ ಅಂಗೈ, ಎರಡೂ ಅಂಗಾಲುಗಳಲ್ಲಿ ಆಣಿಯಂಥ ಒರಟು ಕಾಳುಗಳು ಏಳುತ್ತವೆ. ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳಾಗುತ್ತವೆ. ಮುಂದೆ ಅಲ್ಲಿಯೇ ಸ್ಕ್ವಾಮಸ್ ಕ್ಯಾನ್ಸರ್ ಹುಟ್ಟಬಹುದು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳಿಗೂ ಆರ್ಸೆನಿಕ್ ಕಾರಣವಾಗುತ್ತದೆ.

ನಮ್ಮ ತಾಲ್ಲೂಕುಗಳ ನೀರಿನ ಪರಿಚಿತ ದೋಷ ಫ್ಲೋರೈಡ್. ಅದು ಹಲ್ಲು ಮೂಳೆಗಳನ್ನು ಕೆಡಿಸುತ್ತದೆಯೇ ಹೊರತು ಚರ್ಮದ ಕ್ಯಾನ್ಸರನ್ನು ತರುವುದಿಲ್ಲ. ಕಿರದಳ್ಳಿಯ ವಿಷಯವನ್ನು ಇಲ್ಲಿ ಹೇಳಿದುದು ಭಯ ಹುಟ್ಟಿಸಲು ಅಲ್ಲ. ವೈದ್ಯರ ಮುಂದೆ ರೋಗಿಗಳು ಒಬ್ಬೊಬ್ಬರಾಗಿ, ಬೇರೆ ಬೇರೆ ದಿನ ಬರುತ್ತಾರೆ. ಒಂದೇ ಕೊಳವೆಬಾವಿಯ ನೀರು ಕುಡಿಯುವ ಒಂದು ಹಟ್ಟಿಯ ಹತ್ತು ಜನರ ಅಂಗೈ ಒಂದೇ ರೀತಿ ಒರಟಾಗಿದೆ ಎಂಬುದು ಅವರಿಗೆ ಕಾಣುವುದಿಲ್ಲ. ವಾರ್ಡಿನ ಸದಸ್ಯರಿಗೆ ಅದು ಕಾಣುತ್ತದೆ. ಹಾಗೆ ಕಂಡಲ್ಲಿ ಆ ಬಾವಿಯ ಮಾದರಿಯನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸುವಾಗ ಫ್ಲೋರೈಡ್ ಜೊತೆಗೆ ಆರ್ಸೆನಿಕ್ ಪರೀಕ್ಷೆಯನ್ನೂ ಬರವಣಿಗೆಯಲ್ಲಿ ಕೋರತಕ್ಕದ್ದು.

ಪಂಚಾಯಿತಿಯಿಂದ ಆಗಬಹುದಾದುದು

ಹೊಸ ಶಿಬಿರ, ಹೊಸ ಅನುದಾನ ಇದಕ್ಕೆ ಬೇಕಾಗಿಲ್ಲ. ಕುಷ್ಠರೋಗ ಪತ್ತೆಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆಗಳನ್ನು ವಿಚಾರಿಸುವ ಅಭಿಯಾನ ಈಗಾಗಲೇ ನಡೆಯುತ್ತಿದೆ. ಆ ಭೇಟಿಯಲ್ಲಿಯೇ ಅಂಗಾಲು, ಉಗುರು, ಹಳೆಯ ಸುಟ್ಟಕಲೆ ಇವುಗಳನ್ನೂ ನೋಡುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ತೀರ್ಮಾನಿಸಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆಗೆ ಬಂದಾಗ ಸಮುದಾಯ ಆರೋಗ್ಯ ಅಧಿಕಾರಿಯವರು ಪಾದ ನೋಡುವುದು ಹೇಗೂ ಅಗತ್ಯ. ಕುರಿಗಳೊಂದಿಗೆ ವಲಸೆ ಹೋಗುವವರನ್ನು ಮಾತ್ರ ಯಾವ ಮನೆಭೇಟಿಯೂ ತಲುಪುವುದಿಲ್ಲ. ಅವರು ಊರಿಗೆ ಮರಳುವ ಕಾಲ ಸದಸ್ಯರಿಗೆ ಗೊತ್ತಿರುತ್ತದೆ.

ಸಂಶಯದ ಮಚ್ಚೆ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ದಿನಾಂಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬೆಳೆದಿದೆಯೋ ಇಲ್ಲವೋ ಎಂಬ ವಾದಕ್ಕೆ ಅದೇ ಸಾಕ್ಷಿ. ಆರೋಗ್ಯ ಉಪಕೇಂದ್ರದಿಂದ ಇ-ಸಂಜೀವಿನಿ ಮೂಲಕ ವೈದ್ಯರ ಸಲಹೆ ಪಡೆಯಲು ಅವಕಾಶವಿದೆ. ಮುಂದಿನ ದಾರಿ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಮೊಳಕಾಲ್ಮೂರು ಕಡೆಯವರಿಗೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಹತ್ತಿರ. ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿದೆ. 1973ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆ ಸರ್ಕಾರದ ಅಧೀನದ್ದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.50 ಲಕ್ಷ ರೂಪಾಯಿವರೆಗೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದು ಹೋಗುವುದು ಮುಖ್ಯ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಿರುವುದು, ಆಧಾರ್‌ನಲ್ಲಿ ಬೇರೆ ಕಾಗುಣಿತವಿರುವುದು ಮುಂತಾದ ಸಣ್ಣ ಕಾರಣಗಳಿಗೆ ಚಿಕಿತ್ಸೆ ವಾರಗಟ್ಟಲೆ ಮುಂದಕ್ಕೆ ಹೋಗಬಾರದು. ಇದನ್ನು ಸರಿಪಡಿಸಿಕೊಡುವುದರಲ್ಲಿ ಸದಸ್ಯರ ಒಂದು ದಿನದ ಓಡಾಟವು ರೋಗಿಯ ಒಂದು ತಿಂಗಳನ್ನು ಉಳಿಸುತ್ತದೆ.

ಚಿಕಿತ್ಸೆಯಲ್ಲಿ ಮೊದಲನೆಯದು ಶಸ್ತ್ರಕ್ರಿಯೆ. ಮಚ್ಚೆಯ ಸುತ್ತ ಒಂದೆರಡು ಸೆಂಟಿಮೀಟರಿನಷ್ಟು ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಉಗುರಿನದಾದರೆ ಕೆಲವೊಮ್ಮೆ ಬೆರಳಿನ ಭಾಗ ಹೋಗುತ್ತದೆ. ತೊಡೆಸಂದಿನಲ್ಲಿ ರೋಗ ಮೊದಲು ತಲುಪುವ ಕಾವಲು ಗ್ರಂಥಿಯನ್ನು ತೆಗೆದು ಪರೀಕ್ಷಿಸುವುದೂ ಉಂಟು. ದೂರದ ಅಂಗಗಳಿಗೆ ಹರಡಿದ ಮೆಲನೋಮಕ್ಕೆ ಹದಿನೈದು ವರ್ಷಗಳ ಹಿಂದೆ ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ. ದೇಹದ ರೋಗನಿರೋಧಕ ಕೋಶಗಳಿಗೆ ಬಿದ್ದಿರುವ ತಡೆಯನ್ನು ಸಡಿಲಿಸುವ ಔಷಧಗಳು ಈಗ ಬಂದಿವೆ. ಆ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ದೊರೆಯಿತು. ಇವುಗಳಿಂದ ಕೆಲವರು ಹಲವು ವರ್ಷ ಬದುಕಿದ್ದಾರೆ. ಆದರೆ ಬೆಲೆ ಬಹಳ ದುಬಾರಿ, ಮತ್ತು ಅಂಗಾಲಿನ ಬಗೆಯ ಮೆಲನೋಮ ಈ ಔಷಧಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ರೋಗ ಬಹಳ ಮುಂದುವರಿದವರಿಗೂ ನೋವು ಶಮನದ ಚಿಕಿತ್ಸೆಯಿದೆ. ‘ಇನ್ನು ಏನೂ ಮಾಡುವಂತಿಲ್ಲ’ ಎಂದು ಮನೆಗೆ ಕರೆತಂದು ಕತ್ತಲ ಕೋಣೆಯಲ್ಲಿ ಮಲಗಿಸುವ ಅಗತ್ಯವಿಲ್ಲ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಕೊನೆಯದಾಗಿ ಕಾಗದಪತ್ರಗಳ ವಿಷಯ. ರೋಗಿಯು ಬೆಂಗಳೂರಿಗೆ ಹೊರಡುವಾಗ ಪಡಿತರ ಚೀಟಿ, ಆಧಾರ್, ಶಿಫಾರಸು ಪತ್ರಗಳೊಂದಿಗೆ ಬಯಾಪ್ಸಿಯ ವರದಿಯನ್ನೂ, ತುಂಡನ್ನು ಅಚ್ಚುಹಾಕಿಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ಯಬೇಕು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಅಲ್ಲಿಯೇ ಉಳಿಯುತ್ತದೆ. ಇನ್ನೂರು ಕಿಲೋಮೀಟರು ಹೋದ ಮೇಲೆ ಅದಕ್ಕಾಗಿ ಹಿಂತಿರುಗಿ ಬಂದರೆ ಮತ್ತೊಂದು ವಾರ ಹೋಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಮೇಣದ ತುಂಡು ಕೈಯಲ್ಲಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ, ಪರೀಕ್ಷೆಗಾಗಿ ಮತ್ತೊಮ್ಮೆ ಕೊಯ್ಯಬೇಕಾಗುವುದಿಲ್ಲ.